ಇಸ್ಪೀಟಿನ ಮಾತು ಟೆನಿಸ್ ಆಗಿಹೋದ ಕಥೆ

ಸುಮಾರು ಹತ್ತು ವರ್ಷ ಒಂದು ಯುದ್ಧವನ್ನು ನಾನು ಟೆನಿಸ್ ಅಂದುಕೊಂಡೇ ಓದಿದ್ದೆ.

ಎರಡನೇ ಮಹಾಯುದ್ಧದ ನಡುವೆ, 1943ರ ಮಾತು. ಸ್ಟಾಲಿನ್‌ಗ್ರಾಡ್ ಕಾಳಗ ಮುಗಿದ ಮೇಲೆ ರಷ್ಯನ್ ಸೈನ್ಯ ಪಶ್ಚಿಮಕ್ಕೆ ನುಗ್ಗಿ ಬರುತ್ತಿತ್ತು. ಜರ್ಮನ್ ಫೀಲ್ಡ್ ಮಾರ್ಷಲ್ ಎರಿಕ್ ಫಾನ್ ಮಾನ್‌ಸ್ಟೈನ್ ಅದನ್ನು ತಡೆಯಲು ಅವಸರ ಮಾಡಲಿಲ್ಲ. ಬರಲಿ ಅಂತ ಬಿಟ್ಟ. ಅವರ ಟ್ಯಾಂಕುಗಳು ದೂರ ಬಂದು, ಇಂಧನ ಮುಗಿದು, ಸಾಲು ಉದ್ದವಾಗಿ ತೆಳ್ಳಗಾದಾಗ ಮಗ್ಗುಲಿಗೆ ಹೊಡೆದ. ಮಾರ್ಚ್ ಮಧ್ಯದ ಹೊತ್ತಿಗೆ ಖಾರ್ಕೋವ್ ಮತ್ತೆ ಜರ್ಮನರ ಕೈಗೆ ಬಂತು. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ‘ಬ್ಯಾಕ್‌ಹ್ಯಾಂಡ್ ಬ್ಲೋ’ ಅಂತ ಹೆಸರು. ಓದುವಾಗೆಲ್ಲ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ: ಯಾರೋ ಬಿಳಿ ಚಡ್ಡಿ ಹಾಕಿಕೊಂಡು ಮೈ ತಿರುಗಿಸಿ ರಾಕೆಟ್ ಬೀಸುತ್ತಿದ್ದಾರೆ.

ಆಮೇಲೆ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಶನಿವಾರದ ಜರ್ಮನ್ ಕ್ಲಾಸಿಗೆ ಸೇರಿದೆ. ದೊಡ್ಡ ಪಾಂಡಿತ್ಯವೇನೂ ಬರಲಿಲ್ಲ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ಪುಟಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡು ಓದುವಷ್ಟು ಬಂತು, ಅಷ್ಟೇ. ಮಾನ್‌ಸ್ಟೈನ್ ಬಳಸಿದ ಜರ್ಮನ್ ಪದ ನೋಡಿದರೆ ‘ನಾಖ್‌ಹಾಂಟ್’. ಟೆನಿಸ್‌ನ ಬ್ಯಾಕ್‌ಹ್ಯಾಂಡಿಗೆ ಜರ್ಮನರು ಹೇಳುವುದು ‘ರ್ಯುಕ್‌ಹಾಂಟ್’. ನಾಖ್‌ಹಾಂಟ್ ಇಸ್ಪೀಟಿನ ಮೇಜಿನ ಮಾತು. ಮೊದಲು ಎಲೆ ಇಳಿಸುವವನು ‘ಫೋರ್‌ಹಾಂಟ್’, ಆಮೇಲೆ ಇಳಿಸುವವನು ‘ನಾಖ್‌ಹಾಂಟ್’. ಅಂದರೆ ಮಾನ್‌ಸ್ಟೈನ್ ಹೇಳಿದ್ದು ಇಷ್ಟು: ಮೊದಲು ಅವನು ಇಳಿಸಲಿ, ಅವನ ಕೈಯಲ್ಲಿ ಏನಿದೆ ನೋಡಿಕೊಂಡು ಆಮೇಲೆ ನಾವು ಹೊಡೆಯೋಣ.

ಮದುವೆ ಹಿಂದಿನ ರಾತ್ರಿ ಛತ್ರದಲ್ಲಿ ಚಾಪೆ ಹಾಸಿಕೊಂಡು ಇಪ್ಪತ್ತೆಂಟು ಆಡಿದ ಯಾರಿಗಾದರೂ ಇದು ತಕ್ಷಣ ಹೊಳೆಯುತ್ತದೆ. ಕೊನೆಯಲ್ಲಿ ಕೂತವನ ಬಲವೇ ಬೇರೆ. ಅದೇ ವರ್ಷದ ಬೇಸಿಗೆಯಲ್ಲಿ ರಷ್ಯಾದ ಕುರ್ಸ್ಕ್ ಮೇಲಿನ ದಾಳಿ ಬಗ್ಗೆ ಜರ್ಮನ್ ಸೇನಾ ಕಚೇರಿಯಲ್ಲಿ ನಡೆದ ಜಗಳವೂ ಇದೇ. ನಾವು ಮೊದಲು ಇಳಿಸಬೇಕಾ, ಅವರು ಇಳಿಸುವವರೆಗೆ ಕಾಯಬೇಕಾ? ಹಿಟ್ಲರ್ ಮೊದಲು ಇಳಿಸೋಣ ಅಂದ. 1943ರ ಜುಲೈ 5ಕ್ಕೆ ಇಳಿಸಿದರು, ಸೋತರು. ಇಷ್ಟು ಸರಳವಾದ ಮಾತು ಇಂಗ್ಲಿಷಿಗೆ ಹೋಗಿ ಟೆನಿಸ್ ಕೋರ್ಟ್ ಸೇರಿಬಿಟ್ಟಿತು. ಅನುವಾದಕ ತಪ್ಪು ಮಾಡಿದ ಅಂತಲೂ ಪೂರ್ತಿ ಹೇಳಲಾಗುವುದಿಲ್ಲ. ‘ಹ್ಯಾಂಡ್’ ಅನ್ನುವ ಪದ ಎರಡೂ ಭಾಷೆಯಲ್ಲಿದೆ, ಕೈ ಜಾರಿದೆ. ಆದರೆ ನನಗೆ ಅವತ್ತಿನಿಂದ ಒಂದು ಅನುಮಾನ ಹತ್ತಿಕೊಂಡಿತು. ಇನ್ನೂ ಏನೇನನ್ನು ನಾನು ಹೀಗೆ ಬೇರೆ ಆಟ ಅಂದುಕೊಂಡು ಓದಿದ್ದೇನೆ?

ನಾನು ಸೈನ್ಯದವನಲ್ಲ, ಇತಿಹಾಸದ ಮೇಷ್ಟರೂ ಅಲ್ಲ. ಬ್ಯಾಂಕಿನಲ್ಲಿ ಕೆಲಸ. ಈ ಹುಚ್ಚು ಶುರುವಾಗಿದ್ದು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ. ಎಂಜಿನಿಯರಿಂಗ್ ಗೈಡುಗಳ ರಾಶಿಯ ಕೆಳಗೆ ರಟ್ಟು ಕಿತ್ತುಹೋದ ಒಂದು ‘ಪ್ಯಾಂಜರ್ ಲೀಡರ್’ ಸಿಕ್ಕಿತು, ಜರ್ಮನ್ ಟ್ಯಾಂಕ್ ಪಡೆಯ ಜನರಲ್ ಹೈನ್ಸ್ ಗುಡೇರಿಯನ್ ಬರೆದದ್ದು. ಅರವತ್ತು ರೂಪಾಯಿ. ಆಮೇಲೆ ಒಂದರ ಹಿಂದೆ ಒಂದು ಬಂದು ಕಪಾಟಿನ ಎರಡು ಸಾಲು ತುಂಬಿವೆ. ಎಲ್ಲವೂ ಜರ್ಮನ್‌ನಿಂದ ಇಂಗ್ಲಿಷಿಗೆ ಬಂದವು. ಕನ್ನಡಕ್ಕೆ ಅಂಥ ದೊಡ್ಡ ನಿಘಂಟು ಕೊಟ್ಟದ್ದೇ ಜರ್ಮನ್ ಪಾದ್ರಿ ಕಿಟ್ಟೆಲ್, ಅದೂ 1894ರಲ್ಲಿ. ಆದರೂ ಜರ್ಮನ್ ಪುಸ್ತಕ ನಮ್ಮ ಕೈಗೆ ಬರಬೇಕಾದರೆ ಇವತ್ತಿಗೂ ಲಂಡನ್ ಇಲ್ಲವೇ ನ್ಯೂಯಾರ್ಕ್ ಸುತ್ತಿಕೊಂಡೇ ಬರಬೇಕು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಬೈಯುವುದು ಆಮೇಲೆ ಹೇಗೂ ಇದೆ.

ಈ ಪುಸ್ತಕಗಳಲ್ಲಿ ಕೆಲಸದ ವಿವರ ಸಿಗುತ್ತದೆ. ಯುದ್ಧ ಅಂದರೆ ವೀರಾವೇಶ ಅಂದುಕೊಂಡವರಿಗೆ ಇವು ಒಳ್ಳೆ ಔಷಧಿ. ರಷ್ಯಾದ ರೈಲು ಹಳಿ ಜರ್ಮನಿಯದಕ್ಕಿಂತ ಅಗಲ, ಹಾಗಾಗಿ ಹಳಿ ಕಿತ್ತು ಕಿರಿದು ಮಾಡುತ್ತಾ ಹೋಗಬೇಕು, ಇಲ್ಲದಿದ್ದರೆ ಊಟವೂ ಇಲ್ಲ ಗುಂಡೂ ಇಲ್ಲ. ಜಗತ್ತೆಲ್ಲ ‘ಟ್ಯಾಂಕಿನ ಸೈನ್ಯ’ ಅಂದುಕೊಂಡ ಆ ಸೈನ್ಯ 1941ರಲ್ಲಿ ರಷ್ಯಾಕ್ಕೆ ಹೋಗುವಾಗ ಆರು ಲಕ್ಷಕ್ಕೂ ಹೆಚ್ಚು ಕುದುರೆ ಕಟ್ಟಿಕೊಂಡು ಹೋಯಿತು. ಅಷ್ಟು ಕುದುರೆಗೆ ದಿನಾ ಎಷ್ಟು ಮೇವು ಬೇಕು, ಯೋಚನೆ ಮಾಡಿ. ಇಂಥ ವಿಷಯ ಸಿನಿಮಾದಲ್ಲಿ ಬರುವುದಿಲ್ಲ.

ಜರ್ಮನ್ ಸೇನಾಪತಿ ರೊಮ್ಮೆಲ್‌ನ ಮೊದಲ ಪುಸ್ತಕ ತೆಗೆದುಕೊಳ್ಳಿ. ಆಫ್ರಿಕಾದ ರೊಮ್ಮೆಲ್ ಅಲ್ಲ, ಮೊದಲ ಮಹಾಯುದ್ಧದ ಚಿಕ್ಕ ಆಫೀಸರ್ ರೊಮ್ಮೆಲ್. 1937ರಲ್ಲಿ ಜರ್ಮನಿಯಲ್ಲಿ ಬಂದದ್ದು. ಸೈನಿಕ ಶಾಲೆಯಲ್ಲಿ ಪಾಠ ಮಾಡಿದ ಮನುಷ್ಯನ ಬರವಣಿಗೆ ಅಂತ ಪುಟಪುಟದಲ್ಲೂ ಗೊತ್ತಾಗುತ್ತದೆ. ಒಂದು ಘಟನೆ, ಅದಕ್ಕೊಂದು ಕೈಯಲ್ಲಿ ಬಿಡಿಸಿದ ನಕ್ಷೆ, ಅದರ ಕೊನೆಗೆ ‘ಇಲ್ಲಿ ಏನು ಗಮನಿಸಬೇಕು’ ಅಂತ ನಾಲ್ಕು ಸಾಲು. 1917ರ ಅಕ್ಟೋಬರಿನಲ್ಲಿ ಇಟಲಿ ಗಡಿಯ ಮಾತಾಯೂರ್ ಬೆಟ್ಟ ಹತ್ತಿದ್ದನ್ನು ಹೇಳುವಾಗ ಎಲ್ಲಿ ಬಳ್ಳಿಪೊದೆ ಇತ್ತು, ಎಲ್ಲಿ ತೋಡು ಇತ್ತು, ಮೆಷಿನ್ ಗನ್ ಎಲ್ಲಿ ಇಟ್ಟ, ಹುಡುಗರಿಗೆ ಎಷ್ಟು ಹೊತ್ತು ಮಲಗಲು ಬಿಟ್ಟ, ಎಲ್ಲ ಹೇಳುತ್ತಾನೆ. ಎರಡು ದಿನ ಚಿಲ್ಲರೆ ಗಂಟೆಗಳಲ್ಲಿ ಒಂಬತ್ತು ಸಾವಿರ ಜನ ಸೆರೆ ಸಿಕ್ಕರು ಅಂತ ಲೆಕ್ಕ ಕೊಡುತ್ತಾನೆ. ಸ್ವಲ್ಪ ಜಂಬ ಇದೆ, ಇರಲಿ. ಈ ಪುಸ್ತಕವನ್ನು ಇಂಗ್ಲಿಷಿಗೆ ತಂದದ್ದು 1944ರಲ್ಲಿ, ಅಮೆರಿಕದ ಇನ್‌ಫೆಂಟ್ರಿ ಜರ್ನಲ್‌ನವರು. ಅಂದರೆ ಅಮೆರಿಕದ ಸೈನ್ಯ ಫ್ರಾನ್ಸಿನಲ್ಲಿ ಅವನ ಎದುರೇ ನಿಂತಿದ್ದ ವರ್ಷ. ಶತ್ರು ಹೇಗೆ ಯೋಚಿಸುತ್ತಾನೆ ಅಂತ ತಿಳಿಯಲು ಮಾಡಿದ ಅನುವಾದ ಅದು. ಸಾಹಿತ್ಯದ ಆಸೆ ಇಲ್ಲ, ಹೊಗಳಿಕೆ ಇಲ್ಲ, ತುಸು ಕತ್ತರಿ ಆಡಿಸಿದ್ದೂ ಇದೆ. ಆದರೂ ಓದಲು ಚೆನ್ನಾಗಿದೆ, ಯಾಕೆಂದರೆ ಮೂಲದಲ್ಲೇ ವಾಕ್ಯ ಚಿಕ್ಕದು, ಕೆಲಸ ಸ್ಪಷ್ಟ. ಕೆಲಸ ಹೇಳುವ ಗದ್ಯ ಅನುವಾದದಲ್ಲಿ ಅಷ್ಟು ಬೇಗ ಕೆಡುವುದಿಲ್ಲ ಅಂತ ನನ್ನ ಅನುಭವ. ಅಡುಗೆ ಪುಸ್ತಕದ ಹಾಗೆ.

ಕೆಡುವುದು ಪದಗಳಲ್ಲಿ. ಅದೂ ಒಂದು ಥರ ಮಜಾ ಕೊಡುತ್ತದೆ ಅಂತಿಟ್ಟುಕೊಳ್ಳಿ.

ನನ್ನ ಸ್ನೇಹಿತನೊಬ್ಬ ಮಡಿಕೇರಿ ಕಡೆಯವನು, ಅಪ್ಪ ಸೈನ್ಯದಲ್ಲಿದ್ದವರು. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನವನಿಗೆ ರ‍್ಯಾಂಕ್ ಅಂದರೆ ಮನೆಮಾತು. ಒಂದು ಪುಸ್ತಕ ಅವನಿಗೆ ಕೊಟ್ಟಿದ್ದೆ. ನಾಲ್ಕು ದಿನಕ್ಕೆ ಫೋನ್. “ಅಲ್ಲ ಮಾರಾಯ, ಇಲ್ಲಿ ಲೆಫ್ಟಿನೆಂಟ್ ಜನರಲ್ ಒಬ್ಬ ಒಂದು ಡಿವಿಜನ್ ನಡೆಸ್ತಾ ಇದ್ದಾನೆ. ಏನು, ಡಿಮೋಷನ್ನಾ?” ನಮ್ಮಲ್ಲಿ ಡಿವಿಜನ್ ಮೇಜರ್ ಜನರಲ್ ಕೈಯಲ್ಲಿ, ಅದರ ಮೇಲಿನ ಕೋರ್ ಲೆಫ್ಟಿನೆಂಟ್ ಜನರಲ್ ಕೈಯಲ್ಲಿ. ಜರ್ಮನರಲ್ಲಿ ಆಗ ಬ್ರಿಗೇಡಿಯರ್ ಅನ್ನುವ ಮೆಟ್ಟಿಲೇ ಇರಲಿಲ್ಲ. ಅವರ ‘ಗೆನೆರಾಲ್‌ಮಯೋರ್’ ಅಂದರೆ ಹತ್ತಿರಹತ್ತಿರ ನಮ್ಮ ಬ್ರಿಗೇಡಿಯರ್. ‘ಗೆನೆರಾಲ್‌ಲಾಯ್ಟನಂಟ್’ ಅಂದರೆ ನಮ್ಮ ಮೇಜರ್ ಜನರಲ್. ಅನುವಾದಕ ಹೆಸರನ್ನು ಹಾಗೇ ಎತ್ತಿ ಇಟ್ಟರೆ ಎಲ್ಲರೂ ಒಂದೊಂದು ಮೆಟ್ಟಿಲು ಮೇಲೆ ಹೋಗಿ ಕೂರುತ್ತಾರೆ. ಒಂದು ಅಡಿಟಿಪ್ಪಣಿ ಹಾಕಿದ್ದರೆ ಸಾಕಿತ್ತು, ಎಷ್ಟೋ ಪುಸ್ತಕಗಳಲ್ಲಿ ಅದಿಲ್ಲ.

‘ಪಿಯೊನೀರ್’ ಇನ್ನೊಂದು. ಇಂಗ್ಲಿಷಿನಲ್ಲಿ ಸುಮ್ನೆ ‘ಪಯೊನೀರ್’ ಅಂತ ಬಿಟ್ಟಿರುತ್ತಾರೆ. ನಮ್ಮ ಸೈನ್ಯದಲ್ಲಿ ಸಾಮಾನು ಹೊರುವಂಥ ಮೈಕೈ ಕೆಲಸಕ್ಕೆ ಪಯೊನೀರ್ ಕೋರ್ ಅಂತಲೇ ಬೇರೆ ಇದೆ. ಆದರೆ 1940ರ ಮೇ 13ರಂದು ಫ್ರಾನ್ಸಿನ ಸೆಡಾನ್‌ನಲ್ಲಿ ಗುಂಡಿನ ಮಳೆಯಲ್ಲಿ ರಬ್ಬರ್ ದೋಣಿ ಹಾಕಿಕೊಂಡು ಮ್ಯೂಸ್ ನದಿ ದಾಟಿಸಿದ ಜರ್ಮನ್ ಪಿಯೊನೀರ್‌ಗಳು ಹಲಸೂರು ಕೆರೆ ಪಕ್ಕದ ನಮ್ಮ ಮದ್ರಾಸ್ ಸ್ಯಾಪರ್‌ಗಳ ಜಾತಿಯವರು: ಸೇತುವೆ, ಮೈನು, ಸ್ಫೋಟ, ದೋಣಿ. ‘ರೋಲ್‌ಬಾನ್’ ಅಂತ ಒಂದು ಪದ ಇದೆ. ವಿಮಾನದವರ ಬಾಯಲ್ಲಿ ಅದು ರನ್‌ವೇ. ರಷ್ಯಾದಲ್ಲಿದ್ದ ಕಾಲಾಳುಗಳ ಬಾಯಲ್ಲಿ ಸಾಮಾನು ಸಾಗಿಸುವ ಹೆದ್ದಾರಿ. ಅನುವಾದಕ ಎಚ್ಚರ ತಪ್ಪಿದರೆ ಒಂದು ಇಡೀ ಡಿವಿಜನ್ ವಾರಗಟ್ಟಲೆ ರನ್‌ವೇ ಮೇಲೆ ನಡೆಯುತ್ತದೆ. ಊರಿನ ಹೆಸರುಗಳ ಗೋಳು ಬೇರೆ. ಜರ್ಮನ್ ಕಾಗುಣಿತದ ವ್ಯಾಜ್ಮಾ ಒಂದು ಪುಟದಲ್ಲಿ, ಇಂಗ್ಲಿಷ್ ಕಾಗುಣಿತದ ವ್ಯಾಜ್ಮಾ ನಕ್ಷೆಯಲ್ಲಿ. ಮೊದಲ ಅಕ್ಷರವೇ ಬೇರೆ, ಎರಡು ಊರು ಅಂದುಕೊಂಡು ನಾನು ನಕ್ಷೆಯಲ್ಲಿ ಬೆರಳಾಡಿಸಿಕೊಂಡು ಹುಡುಕಿದ್ದೇನೆ. ಕನ್ನಡದಲ್ಲಿ ಬರೆದರೆ ಈ ರಗಳೆಯೇ ಇಲ್ಲ, ನಾವು ಉಚ್ಚಾರ ಬರೆಯುತ್ತೇವೆ.

ಇವೆಲ್ಲದರಲ್ಲಿ ನನಗೆ ಅತಿ ಹೆಚ್ಚು ಕಾಡಿದ ಪದ ‘ಕೆಸೆಲ್’. ಒಂದು ಸೈನ್ಯವನ್ನು ನಾಲ್ಕೂ ಕಡೆಯಿಂದ ಸುತ್ತುವರಿದಾಗ ಒಳಗೆ ಸಿಕ್ಕಿಕೊಂಡ ಜಾಗಕ್ಕೆ ಜರ್ಮನರು ಹಾಗೆ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಪಾಕೆಟ್’ ಅನ್ನುತ್ತಾರೆ. ಪಾಕೆಟ್ ಅಂದರೆ ಜೇಬು. ಜೇಬಿನಲ್ಲಿ ಬೆಚ್ಚಗೆ ಇರಬಹುದು, ಬೇಕಾದರೆ ಹೊರಗೂ ಬರಬಹುದು. ಕೆಸೆಲ್ ಅಂದರೆ ನೀರು ಕಾಯಿಸುವ ಪಾತ್ರೆ. ನಮ್ಮ ಹಂಡೆ. ಬಚ್ಚಲ ಒಲೆಯ ಮೇಲೆ ಹುದುಗಿಸಿಟ್ಟ, ಕೆಳಗೆ ಸೌದೆ ಉರಿಯುವ ಹಂಡೆ. 1942ರ ನವೆಂಬರಿನಲ್ಲಿ ಸ್ಟಾಲಿನ್‌ಗ್ರಾಡ್ ಸುತ್ತ ಬಾಯಿ ಮುಚ್ಚಿಕೊಂಡದ್ದು ಅದು. 1943ರ ಫೆಬ್ರವರಿ 2ಕ್ಕೆ ಎಲ್ಲ ಮುಗಿದಾಗ ಸುಮಾರು 91,000 ಜನ ಸೆರೆಯಾಗಿ ಹೊರಬಂದರು. ಅವರಲ್ಲಿ ವರ್ಷಗಳ ಮೇಲೆ ಊರಿಗೆ ಮರಳಿದವರು ಐದಾರು ಸಾವಿರ. ಜೇಬು ಅಂತ ಓದಿದಾಗ ಅದು ನಕ್ಷೆಯ ಮೇಲಿನ ಒಂದು ಗೀಟು. ಹಂಡೆ ಅಂತ ಓದಿದಾಗ ಒಳಗೆ ಜನ ಇದ್ದಾರೆ ಅಂತ ಗೊತ್ತಾಗುತ್ತದೆ, ಅಲ್ವಾ?

ಸರಿ, ಇವೆಲ್ಲ ಅನುವಾದಕನ ಮಟ್ಟದ ಎಡವಟ್ಟು. ಗೊತ್ತಾದರೆ ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಂಡು ಮುಂದೆ ಹೋಗಬಹುದು. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಮೂಲದಲ್ಲಿ ಇಲ್ಲದ್ದು ಅನುವಾದದಲ್ಲಿ ಹುಟ್ಟಿಕೊಳ್ಳುವುದು.

ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಗುಡೇರಿಯನ್ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಒಂದು ಪ್ಯಾರಾ ಇದೆ. 1920ರ ದಶಕದಲ್ಲಿ ತನಗೆ ಟ್ಯಾಂಕಿನ ವಿಚಾರ ಎಲ್ಲಿಂದ ಬಂತು ಅಂತ ಹೇಳುತ್ತಾ, ಇಂಗ್ಲೆಂಡಿನ ಲೇಖಕ ಕ್ಯಾಪ್ಟನ್ ಲಿಡೆಲ್ ಹಾರ್ಟ್ ಅವರನ್ನು ಹೊಗಳುತ್ತಾನೆ. ಟ್ಯಾಂಕನ್ನು ದೂರದವರೆಗೆ ನುಗ್ಗಿಸಿ ಶತ್ರುವಿನ ಸಂಪರ್ಕ ಕಡಿಯುವ ವಿಚಾರ ಅವರದು, ಟ್ಯಾಂಕೂ ಕಾಲಾಳೂ ಸೇರಿದ ಡಿವಿಜನ್ ವಿಚಾರವೂ ಅವರದು, ನಾನು ಅವರಿಗೆ ಋಣಿ, ಇತ್ಯಾದಿ. ಇಂಗ್ಲಿಷ್ ಪುಸ್ತಕಕ್ಕೆ ಮುನ್ನುಡಿ ಬರೆದವರು ಯಾರು? ಅದೇ ಲಿಡೆಲ್ ಹಾರ್ಟ್.

ಜರ್ಮನ್ ಪುಸ್ತಕ ಬಂದದ್ದು 1951ರಲ್ಲಿ, ಇಂಗ್ಲಿಷ್ 1952ರಲ್ಲಿ. ಸ್ಟುಟ್‌ಗಾರ್ಟಿನಲ್ಲಿ ಕೆಲಸ ಮಾಡುವ ನನ್ನ ಹಳೇ ಸಹೋದ್ಯೋಗಿ ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಜರ್ಮನ್ ಪ್ರತಿ ಹುಡುಕಿ ತಂದುಕೊಟ್ಟ. ಎರಡನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಎಡಗೈ ಬೆರಳು ಇದರ ಮೇಲೆ, ಬಲಗೈ ಬೆರಳು ಅದರ ಮೇಲೆ. ಹಿಂದಿನ ವಾಕ್ಯ ಇಲ್ಲೂ ಇದೆ, ಅಲ್ಲೂ ಇದೆ. ಮುಂದಿನ ವಾಕ್ಯವೂ ಎರಡರಲ್ಲೂ ಇದೆ. ನಡುವಿನ ಹೊಗಳಿಕೆ ಇಂಗ್ಲಿಷಿನಲ್ಲಿ ಮಾತ್ರ. ಜರ್ಮನ್‌ನಲ್ಲಿ ಎಡಗೈ ಬೆರಳು ಇಡಲು ಜಾಗವೇ ಇಲ್ಲ. ಇದನ್ನು ನಾನೇನೂ ಕಂಡುಹಿಡಿಯಲಿಲ್ಲ, ಓದಿ ತಿಳಿದಿದ್ದೆ, ಕಣ್ಣಾರೆ ನೋಡೋಣ ಅಂತ ಅಷ್ಟೇ. ಲಿಡೆಲ್ ಹಾರ್ಟ್ ಅವರೇ ಗುಡೇರಿಯನ್‌ಗೆ 1951ರಲ್ಲಿ ಪತ್ರ ಬರೆದು, ನನ್ನ ಬಗ್ಗೆ ಹೀಗೆ ಹೀಗೆ ಒಂದು ಮಾತು ಸೇರಿಸಿದರೆ ಚೆನ್ನ ಅಂತ ಸೂಚಿಸಿದ್ದರು. ಅಮೆರಿಕದ ಪ್ರಾಧ್ಯಾಪಕ ಜಾನ್ ಮಿಯರ್‌ಶೈಮರ್ 1988ರಲ್ಲಿ ಈ ಇಡೀ ವ್ಯವಹಾರವನ್ನು ಬಿಡಿಸಿಟ್ಟರು. ತನ್ನ ಮದುವೆಯ ಆಹ್ವಾನ ಪತ್ರಿಕೆಯಲ್ಲಿ ತಾನೇ ‘ಸುಖಾಗಮನ ಬಯಸುವವರು’ ಜಾಗದಲ್ಲೂ ಹೆಸರು ಹಾಕಿಸಿಕೊಂಡ ಹಾಗೆ.

ಪಾಪ ಅನ್ನಿಸುವುದೂ ಉಂಟು. ಲಿಡೆಲ್ ಹಾರ್ಟ್ ಅವರ ಹೆಸರು ಯುದ್ಧದ ಹೊತ್ತಿಗೆ ಇಳಿದುಹೋಗಿತ್ತು. ಸೋತ ಜನರಲ್‌ಗಳಿಗೆ ಇಂಗ್ಲಿಷಿನಲ್ಲಿ ಪ್ರಕಾಶಕರು ಬೇಕಿತ್ತು, ಅವರ ಬಗ್ಗೆ ಒಳ್ಳೆಯ ಮಾತಾಡುವ ಒಬ್ಬ ಇಂಗ್ಲಿಷ್ ದೊಡ್ಡಮನುಷ್ಯ ಬೇಕಿತ್ತು. ಇವರಿಗೆ ಅವರ ಸರ್ಟಿಫಿಕೇಟ್ ಬೇಕಿತ್ತು. ಆದರೆ ಇದರಿಂದಾಗಿ ‘ಜರ್ಮನರ ಟ್ಯಾಂಕು ಯುದ್ಧದ ಗುರು ಒಬ್ಬ ಇಂಗ್ಲಿಷಿನವ’ ಅನ್ನುವ ಮಾತು ದಶಕಗಳ ಕಾಲ ಇಂಗ್ಲಿಷ್ ಓದುವವರ ತಲೆಯಲ್ಲಿ ಉಳಿಯಿತು. ನನ್ನ ತಲೆಯಲ್ಲೂ.

ಇದು ಇಂಗ್ಲಿಷಿನವರ ಚಾಳಿ ಮಾತ್ರ ಅಂದುಕೊಳ್ಳಬೇಡಿ. ಯುದ್ಧದ ಬಗ್ಗೆ ಬರೆದ ಹಳೇ ಜರ್ಮನ್ ಚಿಂತಕ ಕ್ಲೌಸೆವಿಟ್ಸ್‌ಗೆ ಜರ್ಮನರೇ ಹೀಗೆ ಮಾಡಿದ್ದಾರೆ. ಅವರ ದೊಡ್ಡ ಗ್ರಂಥ ಅವರು ಸತ್ತ ಮೇಲೆ, ಹೆಂಡತಿ ಮರೀ ಅವರ ಶ್ರಮದಿಂದ 1832ರಿಂದ ಹೊರಬಂತು. ಅದರ ಎಂಟನೇ ಭಾಗದಲ್ಲಿ ಒಂದು ಮಾತು: ದಂಡನಾಯಕನನ್ನು ಮಂತ್ರಿಮಂಡಲದ ಸದಸ್ಯ ಮಾಡಿ, ಆಗ ಅವನ ಮುಖ್ಯ ನಿರ್ಧಾರಗಳಲ್ಲಿ ಮಂತ್ರಿಮಂಡಲಕ್ಕೆ ಪಾಲು ಸಿಗುತ್ತದೆ. 1853ರ ಎರಡನೇ ಮುದ್ರಣದಲ್ಲಿ ಅದನ್ನು ತಿರುಗಿಸಿಬಿಟ್ಟರು. ಮಂತ್ರಿಮಂಡಲದ ನಿರ್ಧಾರಗಳಲ್ಲಿ ದಂಡನಾಯಕನಿಗೆ ಪಾಲು! ಯಾರ ಲಗಾಮು ಯಾರ ಕೈಯಲ್ಲಿ ಅನ್ನುವುದೇ ಉಲ್ಟಾ. 1873ರ ಇಂಗ್ಲಿಷ್ ಅನುವಾದ ಈ ತಿದ್ದಿದ ಪಾಠವನ್ನೇ ಹೊತ್ತು ತಂದಿತು. 1976ರಲ್ಲಿ ಹೋವರ್ಡ್ ಮತ್ತು ಪ್ಯಾರೆಟ್ ಮೊದಲ ಮುದ್ರಣಕ್ಕೆ ಹೋಗಿ ಅನುವಾದ ಮಾಡಿ ಸರಿಪಡಿಸಿದರು. ಅನುವಾದಕರು ಕೆಡಿಸುತ್ತಾರೆ ಅಂತ ಬೈಯುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಇಲ್ಲಿ ಮೂಲ ಮುದ್ರಣ ಕೆಟ್ಟಿತ್ತು, ಅನುವಾದಕರು ರಿಪೇರಿ ಮಾಡಿದರು.

ಈಗ ಮತ್ತೆ ಮಾನ್‌ಸ್ಟೈನ್‌ಗೆ ಬರುತ್ತೇನೆ. ಅವನ ಆತ್ಮಕಥೆ ಜರ್ಮನ್‌ನಲ್ಲಿ 1955, ಇಂಗ್ಲಿಷಿನಲ್ಲಿ 1958. ಮುನ್ನುಡಿ ಮತ್ತೆ ಲಿಡೆಲ್ ಹಾರ್ಟ್. ಇಂಗ್ಲಿಷಿನಲ್ಲಿ ಕೆಲವು ಭಾಗ ಕಡಿಮೆ ಮಾಡಿದ್ದಾರೆ ಅಂತ ತುಂಬಾ ಜನ ದೂರುತ್ತಾರೆ. ನಾನೂ ದೂರುತ್ತಿದ್ದೆ. ಆದರೆ ಈ ಪುಸ್ತಕದಲ್ಲಿ ನಿಜವಾಗಿ ಇಲ್ಲದ್ದು ಜರ್ಮನ್‌ನಲ್ಲೂ ಇಲ್ಲ.

1941ರ ಕೊನೆಗೆ ಅವನು ಕ್ರಿಮಿಯಾದಲ್ಲಿ 11ನೇ ಸೈನ್ಯದ ಮುಖ್ಯಸ್ಥ. ಆ ಅಧ್ಯಾಯ ಸೊಗಸಾಗಿದೆ. ಕಿರಿದಾದ ಭೂಸಂಧಿ, ಆಮೇಲೆ ಸೆವಾಸ್ಟೊಪೋಲ್ ಕೋಟೆ, ಫಿರಂಗಿ, ಕಣಿವೆ. ಅದೇ 1941ರ ನವೆಂಬರ್ 20ರಂದು ಅವನ ಸಹಿಯಲ್ಲಿ ಒಂದು ಆದೇಶ ಹೊರಟಿತ್ತು. ಯಹೂದಿ-ಬೊಲ್ಶೆವಿಕ್ ವ್ಯವಸ್ಥೆಯನ್ನು ಒಮ್ಮೆಗೇ ಬೇರುಸಹಿತ ನಾಶ ಮಾಡಬೇಕು, ಯಹೂದಿಗಳಿಗೆ ಆಗುವ ಕಠಿಣ ಶಿಕ್ಷೆ ಯಾಕೆ ಬೇಕು ಅನ್ನುವುದನ್ನು ಸೈನಿಕರು ಅರ್ಥ ಮಾಡಿಕೊಳ್ಳಬೇಕು ಅಂತ ಅದರಲ್ಲಿದೆ. ಮುಂದಿನ ತಿಂಗಳು ಅವನ ಸೈನ್ಯದ ಹಿಡಿತದಲ್ಲಿದ್ದ ಸಿಂಫೆರೊಪೋಲ್ ಊರಿನಲ್ಲಿ ಸಾವಿರಾರು ಯಹೂದಿಗಳನ್ನು ಊರ ಹೊರಗೆ ಒಯ್ದು ಗುಂಡಿಟ್ಟು ಕೊಂದರು. 1946ರ ಆಗಸ್ಟಿನಲ್ಲಿ ನ್ಯೂರೆಂಬರ್ಗ್ ಕೋರ್ಟಿನಲ್ಲಿ ಆ ಆದೇಶವನ್ನು ಅವನ ಮುಂದೆ ಹಿಡಿದರು. ನನಗೆ ನೆನಪಿಲ್ಲ ಅಂದ. 1949ರಲ್ಲಿ ಹ್ಯಾಂಬರ್ಗ್‌ನಲ್ಲಿ ಬ್ರಿಟಿಷ್ ಸೈನಿಕ ಕೋರ್ಟ್ ಅವನಿಗೆ 18 ವರ್ಷ ಶಿಕ್ಷೆ ಹಾಕಿತು. ಅವನ ವಕೀಲರ ಖರ್ಚಿಗೆ ಚರ್ಚಿಲ್ 25 ಪೌಂಡ್ ಚಂದಾ ಕೊಟ್ಟಿದ್ದರು ಅನ್ನುವುದು ನಿಜ, ತಮಾಷೆಯಲ್ಲ. 1953ಕ್ಕೆ ಹೊರಗೆ ಬಂದ. ಎರಡು ವರ್ಷಕ್ಕೆ ಪುಸ್ತಕ.

ಆ ಪುಸ್ತಕದಲ್ಲಿ ಆ ಆದೇಶ ಇಲ್ಲ. ಸಿಂಫೆರೊಪೋಲ್‌ನ ಆ ಜನರೂ ಇಲ್ಲ. ಟ್ಯಾಂಕಿನ ಕಥೆ ಇದೆ, ಹಿಟ್ಲರ್ ಜೊತೆ ವಾದ ಮಾಡಿದ್ದು ಇದೆ, ಯುದ್ಧದಲ್ಲಿ ತೀರಿಹೋದ ಮಗನ ಬಗ್ಗೆ ಮನಸ್ಸು ಕಲಕುವ ಹಾಗೆ ಬರೆದದ್ದೂ ಇದೆ. ಅನುವಾದದಲ್ಲಿ ಶ್ಲೇಷೆ ಕಳೆದುಹೋಗುತ್ತದೆ, ಗಾದೆ ಕಳೆದುಹೋಗುತ್ತದೆ, ಇಸ್ಪೀಟು ಟೆನಿಸ್ ಆಗುತ್ತದೆ. ಇವನು ನುಂಗಿಕೊಂಡ ಮಾತು ಮಾತ್ರ ಒಂದು ಚೂರೂ ಹಾಳಾಗದೆ ಇಂಗ್ಲಿಷಿಗೆ ಬಂದು ಸೇರಿತು.

ಇನ್ನೊಂದು ಇದಕ್ಕೆ ಅಂಟಿಕೊಂಡೇ ಇದೆ. ಜರ್ಮನ್ ಸೈನಿಕ ವರದಿಯ ಭಾಷೆ. ‘ಪ್ರದೇಶವನ್ನು ಶುದ್ಧಗೊಳಿಸಲಾಯಿತು’, ‘ಹಳ್ಳಿಯನ್ನು ತೆರವುಗೊಳಿಸಲಾಯಿತು’. ಯಾರು ಮಾಡಿದರು? ಗೊತ್ತಿಲ್ಲ, ಮಾಡಲಾಯಿತು. ಕನ್ನಡ ಓದುವವರಿಗೆ ಈ ‘ಲಾಯಿತು’ ಹೊಸದಲ್ಲ. ಕಚೇರಿಯ ಪ್ರಕಟಣೆಯಲ್ಲಿ ದಿನಾ ನೋಡುತ್ತೇವೆ, ‘ಒತ್ತುವರಿ ತೆರವುಗೊಳಿಸಲಾಯಿತು’, ಬುಲ್ಡೋಜರ್ ತಾನಾಗಿಯೇ ಬಂದು ಹೋದ ಹಾಗೆ. ರಷ್ಯಾದ ಕಾಡುಗಳಲ್ಲಿ ಹೋರಾಡುತ್ತಿದ್ದವರನ್ನು ‘ಪಾರ್ಟಿಸನ್’ ಅನ್ನಬಾರದು, ‘ಡಕಾಯಿತರ ಗುಂಪು’ ಅನ್ನಬೇಕು ಅಂತ 1942ರಲ್ಲಿ ನಾಜಿಗಳ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಅಪ್ಪಣೆ ಮಾಡಿದ. ಆಮೇಲಿನ ಕಾಗದಪತ್ರಗಳಲ್ಲೆಲ್ಲ ಡಕಾಯಿತರೇ. ಇಲ್ಲಿ ಅನುವಾದಕನ ಪಾಡು ನೋಡಿ. ಡಕಾಯಿತ ಅಂತ ಇಟ್ಟರೆ ಹಿಮ್ಲರ್‌ನ ಮಾತನ್ನು ತಾನೂ ಹೇಳಿದ ಹಾಗೆ. ಪಾರ್ಟಿಸನ್ ಅಂತ ತಿದ್ದಿದರೆ ಬರೆದವನ ಮೈಗೆ ಸೋಪು ಹಾಕಿ ತೊಳೆದ ಹಾಗೆ. ನಾನಾಗಿದ್ದರೆ ಡಕಾಯಿತ ಅಂತಲೇ ಬಿಟ್ಟು ಕೆಳಗೆ ಟಿಪ್ಪಣಿ ಹಾಕುತ್ತಿದ್ದೆ.

ಜನರಲ್‌ಗಳು ಬಾಯಿ ಬಿಡಲೇ ಇಲ್ಲವಾ ಅಂದರೆ, ಬಿಟ್ಟಿದ್ದಾರೆ. ತಮ್ಮ ಮಾತು ಯಾರೂ ಬರೆದುಕೊಳ್ಳುತ್ತಿಲ್ಲ ಅಂದುಕೊಂಡಾಗ. ಲಂಡನ್ನಿನ ಉತ್ತರಕ್ಕೆ ಟ್ರೆಂಟ್ ಪಾರ್ಕ್ ಅಂತ ಒಂದು ಬಂಗಲೆ. ಸೆರೆಸಿಕ್ಕ ದೊಡ್ಡ ಆಫೀಸರ್‌ಗಳನ್ನು ಅಲ್ಲಿ ಆರಾಮಾಗಿ ಇಟ್ಟು, ಕೋಣೆಕೋಣೆಯಲ್ಲಿ ಮೈಕ್ ಅಡಗಿಸಿದ್ದರು. ಕೆಳಗೆ ಕೂತು ಕೇಳಿಸಿಕೊಂಡು ಬರೆದವರಲ್ಲಿ ಹಿಟ್ಲರ್‌ನಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಯಹೂದಿಗಳೂ ಇದ್ದರು. ಆ ಬರಹಗಳನ್ನು ಆರಿಸಿ ಸೋಂಕೆ ನೈಟ್ಸೆಲ್ 2005ರಲ್ಲಿ ಜರ್ಮನ್‌ನಲ್ಲಿ ಪುಸ್ತಕ ಮಾಡಿದರು, 2007ಕ್ಕೆ ಇಂಗ್ಲಿಷ್ ಬಂತು. ಅದರಲ್ಲಿ ಡೀಟ್ರಿಖ್ ಫಾನ್ ಖೋಲ್ಟಿಟ್ಸ್ ಇದ್ದಾನೆ, ಪ್ಯಾರಿಸ್ ಉಳಿಸಿದವನು ಅಂತ ಹೆಸರು ಮಾಡಿದವನು. 1944ರ ಆಗಸ್ಟಿನಲ್ಲಿ ಸೆರೆಸಿಕ್ಕು ಕೆಲವೇ ದಿನಕ್ಕೆ ಇನ್ನೊಬ್ಬ ಜನರಲ್ ಹತ್ತಿರ ಹೇಳುತ್ತಾನೆ: ನಾನು ಮಾಡಿದ ಅತಿ ಕಷ್ಟದ ಕೆಲಸ ಯಹೂದಿಗಳನ್ನು ಮುಗಿಸಿದ್ದು, ಆದರೆ ಆ ಆದೇಶವನ್ನು ಪೂರ್ತಿಯಾಗಿ ಪಾಲಿಸಿದೆ. ಖೋಲ್ಟಿಟ್ಸ್ ಕ್ರಿಮಿಯಾದಲ್ಲಿ ಮಾನ್‌ಸ್ಟೈನ್ ಕೈಕೆಳಗೆ ರೆಜಿಮೆಂಟ್ ನಡೆಸಿದವನು. ಈ ಎರಡು ಪುಸ್ತಕ ನನ್ನ ಕಪಾಟಿನಲ್ಲಿ ಅಂಟಿಕೊಂಡೇ ಇವೆ. ಬೇಕಂತಲೇ ಇಟ್ಟಿದ್ದೇನೆ.

ಆತ್ಮಕಥೆಗಳ ರಾಗ ಮಾತ್ರ ಎಲ್ಲರದ್ದೂ ಒಂದೇ. ಹಿಟ್ಲರ್ ಕೇಳಲಿಲ್ಲ, ಕೆಸರು ಬಂತು, ಚಳಿ ಬಂತು, ರಷ್ಯನ್ನರು ಜಾಸ್ತಿ ಇದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ರಾಗ ಒಟ್ಟಿಗೆ ಕೂತು ಕಲಿತದ್ದು ಅನ್ನುವುದೂ ಸುಳ್ಳಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯದ ಇತಿಹಾಸ ವಿಭಾಗ ನೂರಾರು ಜರ್ಮನ್ ಆಫೀಸರ್‌ಗಳಿಂದ 2,500ಕ್ಕೂ ಹೆಚ್ಚು ವರದಿ ಬರೆಸಿತು. ಅವರ ಮುಖಂಡ ಫ್ರಾಂಟ್ಸ್ ಹಾಲ್ಡರ್, 1938ರಿಂದ 1942ರವರೆಗೆ ಜರ್ಮನ್ ಸೈನ್ಯದ ಜನರಲ್ ಸ್ಟಾಫ್ ಮುಖ್ಯಸ್ಥನಾಗಿದ್ದವನು. ಸೋತವರು ಬರೆದ ಇತಿಹಾಸವನ್ನು ಗೆದ್ದವರು ದುಡ್ಡು ಕೊಟ್ಟು ಬರೆಸಿ, ಅನುವಾದ ಮಾಡಿಸಿ, 1961ರಲ್ಲಿ ಹಾಲ್ಡರ್‌ಗೆ ಒಂದು ಪದಕವನ್ನೂ ಕೊಟ್ಟರು.

ಪೌಲ್ ಕಾರೆಲ್ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. 1960ರ ದಶಕದಲ್ಲಿ ರಷ್ಯಾ ಯುದ್ಧದ ಬಗ್ಗೆ ಬರೆದ ಅವನ ಪುಸ್ತಕ ಕೈಗೆತ್ತಿಕೊಂಡರೆ ಕೆಳಗಿಡಲು ಆಗುವುದಿಲ್ಲ, ಹಾಳಾದ್ದು ಅಷ್ಟು ಚೆನ್ನಾಗಿದೆ. ನಾನು ಎರಡು ರಾತ್ರಿ ನಿದ್ದೆಗೆಟ್ಟು ಓದಿದೆ. ಆಮೇಲೆ ತಿಳಿಯಿತು, ಕಾರೆಲ್ ಅನ್ನುವುದು ಸುಳ್ಳು ಹೆಸರು. ನಿಜವಾದ ಹೆಸರು ಪೌಲ್ ಕಾರ್ಲ್ ಶ್ಮಿಟ್, ಹಿಟ್ಲರ್‌ನ ಮಂತ್ರಿ ರಿಬ್ಬೆನ್‌ಟ್ರಾಪ್‌ನ ವಿದೇಶಾಂಗ ಖಾತೆಯ ಪತ್ರಿಕಾ ವಕ್ತಾರ, ಎಸ್‌ಎಸ್ ಅಧಿಕಾರಿ. 1944ರಲ್ಲಿ ಬುಡಾಪೆಸ್ಟಿನ ಯಹೂದಿಗಳನ್ನು ಸಾಗಿಸುವ ಮೊದಲು ಏನು ನೆಪ ಹೂಡಬಹುದು ಅಂತ ಸಲಹೆ ಬರೆದುಕೊಟ್ಟವನು. ಅವನ ಪುಸ್ತಕದಲ್ಲಿ ಸೈನಿಕರು ಸಿಗರೇಟ್ ಹಚ್ಚುತ್ತಾರೆ, ತಾಯಿಗೆ ಕಾಗದ ಬರೆಯುತ್ತಾರೆ, ಸಾಯುತ್ತಾರೆ; ಹಳ್ಳಿಗಳು ಖಾಲಿ ಇರುತ್ತವೆ, ಯಾಕೆ ಖಾಲಿ ಅಂತ ಯಾರೂ ಕೇಳುವುದಿಲ್ಲ. ಅದನ್ನು ಇಂಗ್ಲಿಷಿಗೆ ತಂದವರು ಎವಾಲ್ಡ್ ಓಸರ್ಸ್. ಪ್ರಾಗ್‌ನ ಯಹೂದಿ ಮನೆತನದಲ್ಲಿ ಹುಟ್ಟಿ, 1938ರಲ್ಲಿ ಇಂಗ್ಲೆಂಡಿಗೆ ಬಂದು, ಬಿಬಿಸಿಯಲ್ಲಿ ಕೆಲಸ ಮಾಡಿ, ಮುಂದೆ ನೊಬೆಲ್ ಪಡೆದ ಝೆಕ್ ಕವಿ ಸೈಫರ್ಟ್ ಅವರನ್ನೂ ಇಂಗ್ಲಿಷಿಗೆ ತಂದ ದೊಡ್ಡ ಅನುವಾದಕರು. ಆ ಸಲೀಸು ಇಂಗ್ಲಿಷ್ ಅವರದು. ಒಂದೊಂದು ಸಲ ಪುಸ್ತಕ ಮುಚ್ಚಿಟ್ಟು ಇದನ್ನೇ ಯೋಚಿಸುತ್ತಾ ಕೂರುತ್ತೇನೆ. ಅನುವಾದ ಅಷ್ಟು ಚೆನ್ನಾಗಿರದೇ ಇದ್ದಿದ್ದರೆ ಒಳ್ಳೆಯದಿತ್ತೇನೋ.

ಹಾಗಂತ ಎಲ್ಲ ಜರ್ಮನ್ ಪುಸ್ತಕವೂ ಮುಚ್ಚಿಡುತ್ತದೆ ಅಂದರೆ ಅನ್ಯಾಯ. ಬಿಚ್ಚಿಟ್ಟವರೂ ಜರ್ಮನರೇ. ಅವರ ಸೈನ್ಯದ್ದೇ ಇತಿಹಾಸ ಸಂಸ್ಥೆ, ಮೊದಲು ಫ್ರೈಬುರ್ಗ್‌ನಲ್ಲಿ, ಆಮೇಲೆ ಪೋಟ್ಸ್‌ಡಾಮ್‌ನಲ್ಲಿ ಇದ್ದದ್ದು, 1979ರಿಂದ 2008ರವರೆಗೆ ಎರಡನೇ ಮಹಾಯುದ್ಧದ ಬಗ್ಗೆ ಹತ್ತು ಸಂಪುಟ ತಂದಿತು. ಸೈನ್ಯ ಕೊಲೆಯಲ್ಲಿ ಹೇಗೆ ಪಾಲುಗೊಂಡಿತು ಅನ್ನುವುದನ್ನು ಕಡತ ತೆಗೆದು ತೋರಿಸಿತು. ರಷ್ಯಾದ ಸಂಪುಟದಲ್ಲಂತೂ ಬರೆದವರಿಗೇ ಒಮ್ಮತವಿಲ್ಲ, ಒಂದೇ ರಟ್ಟಿನೊಳಗೆ ಜಗಳ. ಆಕ್ಸ್‌ಫರ್ಡ್‌ನವರು ಇಂಗ್ಲಿಷಿನಲ್ಲಿ ತಂದರು. ಬೆಲೆ ಕೇಳಬೇಡಿ, ನಾನು ಲೈಬ್ರರಿಯಲ್ಲಿ ಕೂತು ಓದಿದ್ದು. ವಾಕ್ಯಗಳು ಜರ್ಮನ್ ವಾಕ್ಯದ ಹಾಗೇ ರೈಲಿನಷ್ಟು ಉದ್ದ, ಕೊನೆಯ ಬೋಗಿ ಬರುವ ಹೊತ್ತಿಗೆ ಎಂಜಿನ್ ಯಾವುದು ಅಂತ ಮರೆತಿರುತ್ತದೆ. ಕಾರೆಲ್ ಎರಡು ರಾತ್ರಿಯಲ್ಲಿ ಮುಗಿದ. ಇದರ ಒಂದು ಸಂಪುಟಕ್ಕೆ ನನಗೆ ಒಂದು ಮಳೆಗಾಲ ಬೇಕಾಯಿತು.

ಅದೇ ಸಂಸ್ಥೆಯ ಕಾರ್ಲ್-ಹೈನ್ಸ್ ಫ್ರೀಸರ್ 1995ರಲ್ಲಿ 1940ರ ಫ್ರಾನ್ಸ್ ಯುದ್ಧದ ಬಗ್ಗೆ ಬರೆದದ್ದು ಮಾತ್ರ ಓದಿಸಿಕೊಂಡು ಹೋಗುತ್ತದೆ. 2005ರಲ್ಲಿ ಇಂಗ್ಲಿಷಿಗೆ ಬಂತು. ‘ಬ್ಲಿಟ್ಸ್‌ಕ್ರೀಗ್’, ಅಂದರೆ ಮಿಂಚಿನ ಯುದ್ಧ, ಅನ್ನುವ ದೊಡ್ಡ ಯೋಜನೆ ಮೊದಲೇ ಇತ್ತು ಅನ್ನುವ ಮಾತನ್ನೇ ಅವರು ಒಪ್ಪುವುದಿಲ್ಲ. ಅವರ ಲೆಕ್ಕದಲ್ಲಿ ಜರ್ಮನರಿಗೆ 2,439 ಟ್ಯಾಂಕ್, ಫ್ರೆಂಚರೊಬ್ಬರಿಗೇ 3,254. ಗೆದ್ದದ್ದು ನೋಡಿ ಗೆದ್ದವರೇ ಬೆಚ್ಚಿಬಿದ್ದರು. ಗುಡೇರಿಯನ್ ಬರೆದ ಸೆಡಾನ್ ಅಧ್ಯಾಯ ಓದಿ, ಆಮೇಲೆ ಫ್ರೀಸರ್ ಬರೆದ ಸೆಡಾನ್ ಓದಿದರೆ, ಮನೆ ಯಜಮಾನನ ಬಾಯಲ್ಲಿ ಕೇಳಿದ ಜಗಳವನ್ನು ಪಕ್ಕದ ಮನೆಯವರ ಬಾಯಲ್ಲಿ ಮತ್ತೆ ಕೇಳಿದ ಹಾಗಿರುತ್ತದೆ.

ನನ್ನ ಅಕ್ಕನ ಮಗ ಈಗ ಪಿಯುಸಿ. ಮೊಬೈಲಿನಲ್ಲಿ ಟ್ಯಾಂಕಿನ ಆಟ ಆಡಿ ಆಡಿ, ಯಾವ ಟ್ಯಾಂಕಿನ ಮುಂಭಾಗದ ಉಕ್ಕು ಎಷ್ಟು ಮಿಲಿಮೀಟರ್ ಅಂತ ನನಗಿಂತ ಚೆನ್ನಾಗಿ ಹೇಳುತ್ತಾನೆ. ಕಳೆದ ತಿಂಗಳು ಬಂದವನು ನೇರ ಕಪಾಟಿನ ಮುಂದೆ ನಿಂತ. “ಮಾವ, ಮಾನ್‌ಸ್ಟೈನ್‌ದು ಕೊಡಿ.” ಫ್ರೀಸರ್ ಮೊದಲು ಓದು ಅಂದೆ, ಕೇಳಲಿಲ್ಲ. ಆ ವಯಸ್ಸಿನಲ್ಲಿ ನಾನೂ ಕೇಳುತ್ತಿರಲಿಲ್ಲ. ಕೊಟ್ಟೆ. ಕೊಡುವ ಮೊದಲು ಎರಡು ಕೆಲಸ ಮಾಡಿದೆ. ‘ಬ್ಯಾಕ್‌ಹ್ಯಾಂಡ್’ ಅಂತ ಬಂದ ಕಡೆ ಅಂಚಿನಲ್ಲಿ ‘ಇಸ್ಪೀಟು’ ಅಂತ ಬರೆದೆ. ಕ್ರಿಮಿಯಾ ಅಧ್ಯಾಯದ ಮಧ್ಯೆ ನವೆಂಬರ್ 20ರ ಆದೇಶದ ಇಂಗ್ಲಿಷ್ ಪಾಠವನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಮಡಚಿ ಇಟ್ಟೆ. ಬಾಯಿ ಬಿಟ್ಟು ಏನೂ ಹೇಳಲಿಲ್ಲ.

ಹೋದ ಭಾನುವಾರ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ಇಸ್ಪೀಟು ಅರ್ಥ ಆಯಿತಂತೆ. “ಆದ್ರೆ ಮಾವ, ಆ ಹಾಳೆಯಲ್ಲಿ ಇರೋದು ಪುಸ್ತಕದ ಯಾವ ಪುಟದಲ್ಲಿ ಬರತ್ತೆ? ಆ ಅಧ್ಯಾಯ ಎರಡು ಸಲ ಓದಿದೆ, ಮುಂದಿಂದೂ ನೋಡಿದೆ. ಸಿಗ್ತಾನೇ ಇಲ್ಲ.”